ಖಾಲಿ ಬಿಡಬಾರದ ಜಾಗ

ಮದುವೆ ಪತ್ರಿಕೆ ಜೋಡಿಸುವಾಗ ಮೂರು ಕಡೆ ತಪ್ಪುವ ತನ್ನ ಕೈ ಸಾವಿನ ಕಾರ್ಡು ಜೋಡಿಸುವಾಗ ಮಾತ್ರ ಒಂದಕ್ಷರವೂ ತಪ್ಪದೆ ಓಡುತ್ತದೆ ಎಂಬುದನ್ನು ಪ್ರೇಮಕುಮಾರಿ ಯಾರಿಗೂ ಹೇಳಿರಲಿಲ್ಲ. ಕತ್ತರಿಸಿ ಉಳಿದ ಕಾಗದದ ಚೂರುಗಳನ್ನು ಹೊಲಿದು ಮಾಡಿಕೊಂಡಿದ್ದ ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದಳು: 'ಇವತ್ತೂ ಹಾಗೇ ಆಯಿತು. ತಿದ್ದುವುದಕ್ಕೆ ಏನೂ ಇರಲಿಲ್ಲ. ಅಪ್ಪ ಭೇಷ್ ಅಂದರು. ನನಗೆ ಸಂತೋಷವಾಯಿತು. ಆಗಬಾರದಿತ್ತು.'

ಮೈಸೂರಿನಲ್ಲಿ ಬಿ.ಎ. ಮುಗಿಸಿ ಅವಳು ಹೊಳೆನರಸೀಪುರಕ್ಕೆ ಬಂದು ಎಂಟು ತಿಂಗಳಾಗಿತ್ತು. ಮನೆಯ ಮುಂಭಾಗವೇ ಅಚ್ಚುಕೂಟ. ಒಳಗೆ ಒಗ್ಗರಣೆ ಹಾಕಿದರೆ ಅದರ ಘಾಟು ಮಸಿಯ ವಾಸನೆಯೊಡನೆ ಬೆರೆತು ಬೀದಿಗೆ ಹೋಗುತ್ತಿತ್ತು. ತಂದೆ ಪರಮಶಿವಯ್ಯನವರ ಕಣ್ಣು ಮಂಜಾಗುತ್ತ ಬಂದ ಮೇಲೆ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು. ಅವಳಿಗೂ ಹಿಡಿಸಿತು. ಮೊಳೆಗಳೊಡನೆ ಮಾತಾಡಬೇಕಾಗಿಲ್ಲ. ಹೊರಗಿನವರ ಮುಂದೆ ನಿಂತರೆ ಅವಳ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. "ಡಿಗ್ರಿ ಕೊಟ್ಟೋರು ಬಾಯಿ ಕಿತ್ಕೊಂಡು ಕಳಿಸಿದಾರೆ" ಎಂದು ಅಣ್ಣ ಬಸವರಾಜು ರೇಗಿಸುತ್ತಿದ್ದ.

ಆ ಅಚ್ಚುಕೂಟದಲ್ಲಿ ಒಂದು ಪದ್ಧತಿ ಇತ್ತು. ಸಾವಿನ ಕಾರ್ಡಿಗೆ ಜನ ಬರುವುದು ಆತುರದಲ್ಲಿ. ಅದಕ್ಕೇ 'ನಮ್ಮ ಪೂಜ್ಯ ತಂದೆಯವರಾದ ಶ್ರೀ' ಎಂಬಲ್ಲಿಂದ ಹಿಡಿದು 'ಶಿವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ' ಎಂಬವರೆಗಿನ ಒಕ್ಕಣೆಯನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಸದಾ ಸಿದ್ಧವಾಗಿಟ್ಟಿರುತ್ತಿದ್ದರು. ಬದಲಾಗುವುದು ಹೆಸರು, ಊರು, ದಿನ ಅಷ್ಟೆ. ಕಾರ್ಡು ಒತ್ತಿದ ಮೇಲೆ ಸತ್ತವರ ಹೆಸರನ್ನು ಅಂದೇ ಬಿಚ್ಚಿ, ಮೊಳೆಗಳನ್ನು ಅವುಗಳ ಗೂಡಿಗೆ ಸೇರಿಸಬೇಕು. ಆದರೆ ಆ ಜಾಗ ಖಾಲಿ ಇರಬಾರದು. ಮುಂದಿನ ಸಾವು ಬರುವವರೆಗೆ ಅಲ್ಲಿ ತಾತನ ಹೆಸರು ಕೂರಬೇಕು: ರೇವಣಸಿದ್ಧಯ್ಯ. ಅಚ್ಚುಕೂಟ ಕಟ್ಟಿದ ತಾತ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

"ಅವರು ಹೆಂಗೂ ಹೋಗಾಯ್ತು, ಕೂತಿರ್ಲಿ. ಬರಿದು ಬಿಟ್ರೆ ಆ ಜಾಗ ಯಾರನ್ನಾದ್ರೂ ಕರೀತದೆ" ಎನ್ನುವುದು ಅಜ್ಜಿಯ ಮಾತು. ಬಸವರಾಜು ನಗುತ್ತಿದ್ದ. ನಕ್ಕರೂ ಅವನೂ ಒಂದು ದಿನ ಅದನ್ನು ಬರಿದು ಬಿಟ್ಟವನಲ್ಲ.

ಅರವತ್ತೊಂದನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಪರಮಶಿವಯ್ಯನವರು ಹೊಸದೊಂದು ಹೂಡಿದರು. ಭಾನುವಾರ ಮಧ್ಯಾಹ್ನ ಅಚ್ಚುಕೂಟದ ಎರಡೂ ಬಾಗಿಲು ತೆಗೆದಿರುವುದು. ಯಾರು ಬೇಕಾದರೂ ಬಂದು ಕೆಲಸ ನೋಡಬಹುದು, ತಮ್ಮ ಹೆಸರನ್ನು ತಾವೇ ಜೋಡಿಸಿ, ತಾವೇ ಕಾಲಿನಿಂದ ಯಂತ್ರ ತುಳಿದು, ಕಾರ್ಡು ಒತ್ತಿಕೊಂಡು ಹೋಗಬಹುದು. ಹೂವಿನ ಅಂಚು ಕಟ್ಟಿದ ಪುಟ್ಟ ಚೌಕಟ್ಟೊಂದನ್ನು ಅದಕ್ಕೆಂದೇ ಮಾಡಿದರು.

"ಬಂದೋರಿಗೆಲ್ಲ ಕಾಫಿ ಕಾಯಿಸೋರು ಯಾರು?" ಎಂದರು ತಾಯಿ ಸುವರ್ಣಮ್ಮ.

"ಕೆಲಸ ಕಲ್ತು ಎದುರುಗಡೇನೇ ಒಂದು ಪ್ರೆಸ್ ಇಡ್ತಾರೆ, ಆವಾಗ ಗೊತ್ತಾಗುತ್ತೆ" ಎಂದ ಬಸವರಾಜು.

"ಇಡ್ಲಿ ಬಿಡೋ. ತನ್ನ ಹೆಸರು ತಾನು ಅಂಗೈಯಲ್ಲಿ ಹಿಡ್ಕೊಂಡು ನೋಡಿದೋನು ನಾಳೆ ಹೆಬ್ಬೆಟ್ಟು ಒತ್ತಕ್ಕೆ ನಾಚ್ಕೋತಾನೆ. ಅಷ್ಟು ಸಾಕು ನಂಗೆ."

ಮೊದಲ ವಾರ ಆರು ಜನ ಬಂದರು. ಐದನೆಯ ವಾರಕ್ಕೆ ಬೀದಿಯವರೆಗೆ ಸಾಲು. ನಮ್ಮ ಸೀಮೆಯಲ್ಲಿ ಗಂಡಸರೆಲ್ಲ ಅಯ್ಯ, ಹೆಂಗಸರೆಲ್ಲ ಅಮ್ಮ. ಬೈರಯ್ಯ, ಚಲುವಯ್ಯ ಎನ್ನುತ್ತ ಜೋಡಿಸಿದಂತೆಲ್ಲ 'ಯ್ಯ' ಮೊಳೆ ಗೂಡಿನ ತಳ ಕಂಡಿತು. ಆ ಭಾನುವಾರ ಪರಮಶಿವಯ್ಯನವರು ತಾತನ ಹೆಸರಿನ 'ಯ್ಯ'ವನ್ನೂ ಬಂದವರಿಗೆ ಕೊಟ್ಟರು. ಹಿಂದಿನ ದಿನ ಪೇಟೆಬೀದಿಯ ಯಜಮಾನರೊಬ್ಬರು ತೀರಿಕೊಂಡಿದ್ದರಿಂದ ಅವರ ಕಾರ್ಡು ಒತ್ತಿದ ಸಾವಿನ ಚೌಕಟ್ಟು ಇನ್ನೂ ಒಳಗೆ ಹೋಗದೆ ಗೋಡೆಗೆ ಒರಗಿಕೊಂಡು ನಿಂತಿತ್ತು. ಹೆಸರಿನ ಜಾಗ ಖಾಲಿ. "ಸಂಜೆ ಕೂರಿಸಿದ್ರಾಯ್ತು" ಎಂದಿದ್ದರು ಅವರು.

ಹಳ್ಳಿಮೈಸೂರಿನ ಕೆಂಚಯ್ಯ ಐದು ವಾರದಿಂದ ತಪ್ಪದೆ ಬರುತ್ತಿದ್ದವನು. ಅರವತ್ತು ದಾಟಿದ ಆಳು, ಊರಾಚೆಯ ಕೇರಿಯವನು. ಮೊದಲ ವಾರ ಹೊಸಿಲಾಚೆಯೇ ನಿಂತಿದ್ದ. ಪರಮಶಿವಯ್ಯನವರು ಕೈಹಿಡಿದು ಒಳಗೆ ಕರೆದರು. ಸುವರ್ಣಮ್ಮ ಮರುವಾರದಿಂದ ಅವನಿಗೆಂದು ಒಂದು ಅಲ್ಯೂಮಿನಿಯಂ ಲೋಟವನ್ನು ಜಗಲಿಯ ಮೂಲೆಯಲ್ಲಿ ಕವುಚಿಟ್ಟರು. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆಯಲ್ಲ, ಅವನು ಕಲಿತದ್ದೂ ಹಾಗೆಯೇ. ತನ್ನ ಹೆಸರಿನ ಮೂರು ಅಕ್ಷರ ಬಿಟ್ಟರೆ ನಾಲ್ಕನೆಯದು ಗೊತ್ತಿಲ್ಲ. ಆ ಮೂರನ್ನು ಅವತ್ತು ಯಾರ ನೆರವೂ ಇಲ್ಲದೆ ಆರಿಸಿ ಜೋಡಿಸಿದ.

"ಪ್ರೇಮಾ, ಕೂರಿಸಿ ಕೊಡಮ್ಮ" ಎಂದು ಪರಮಶಿವಯ್ಯನವರು ಬಾಗಿಲಲ್ಲಿ ಬಂದವರನ್ನು ಮಾತಾಡಿಸಲು ಹೋದರು.

ಎರಡು ಚೌಕಟ್ಟು ಪಕ್ಕಪಕ್ಕ ಇದ್ದವು; ಹೂವಿನಂಚಿನದರಲ್ಲಿ ಹಿಂದಿನವರ ಹೆಸರು ಇನ್ನೂ ಬಿಚ್ಚಿರಲಿಲ್ಲ. ಅವಳ ಕೈ ಖಾಲಿ ಜಾಗವಿದ್ದುದನ್ನು ಎತ್ತಿಕೊಂಡಿತು. ಹಿಂದಿನ ದಿನ ಅದನ್ನೇ ಹತ್ತಾರು ಸಲ ಎತ್ತಿ ಇಳಿಸಿದ ಕೈ. ಹೆಸರು ಅಳತೆ ತೆಗೆದಂತೆ ಹೋಗಿ ಕೂತಿತು. ಬಿಗಿದಳು. ಯಂತ್ರಕ್ಕೇರಿಸಿದಳು. ಕೆಂಚಯ್ಯ ತುಳಿದ. ಒಂದು, ಎರಡು, ಮೂರು. ಮೂರನೆಯ ಕಾರ್ಡು ಕೈಗೆ ಬಂದಾಗ ಅವಳು ಓದಿದಳು.

ಸುತ್ತಲೂ ಕಪ್ಪು ಪಟ್ಟಿ. ನಮ್ಮ ಪೂಜ್ಯ ತಂದೆಯವರಾದ ಶ್ರೀ ಕೆಂಚಯ್ಯ.

"ಬ್ಯಾರೇರ ಕಾರ್ಡ್ನಾಗೆ ಬರೀ ಎಸ್ರು. ನಂದ್ರಾಗೆ ಎಷ್ಟೊಂದ್ ಅಕ್ಸರ ಕಣವ್ವಾ!" ಕೆಂಚಯ್ಯ ಮೂರನ್ನೂ ಕಣ್ಣಿಗೊತ್ತಿಕೊಂಡ. "ಒಂದು ಗ್ವಾಡೆಗೆ, ಒಂದು ಅರಕಲಗೂಡ್ನಾಗಿರೋ ನಮ್ ತಂಗಿ ಮಾಯಮ್ಮುಂಗೆ, ಒಂದು ನನ್ ರುಮಾಲ್ನಾಗೆ."

ಪ್ರೇಮಕುಮಾರಿ ಬಾಯಿ ತೆರೆದಳು. ಹಿಂದಿದ್ದವರು ನೂಕುತ್ತಿದ್ದರು, ನಗುತ್ತಿದ್ದರು. "ಅಂಗಾದ್ರೆ ಬತ್ತೀನಿ ಕಣವ್ವಾ" ಎಂದು ಅವನು ಹೊರಟೇಹೋದ. ಅವಳು ಸರಸರನೆ ಹೆಸರನ್ನು ಬಿಚ್ಚಿ, ತಾತನ ಹೆಸರು ಕೂರಿಸಿ, ಚೌಕಟ್ಟನ್ನು ಒಳಗಿಟ್ಟಳು.

ಮಾರನೆಯ ಬೆಳಿಗ್ಗೆ ಅಜ್ಜಿ ಎಂದಿನಂತೆ ವಿಭೂತಿ ಹಚ್ಚಿಕೊಂಡು ತಡವರಿಸುತ್ತ ಅಚ್ಚುಕೂಟಕ್ಕೆ ಬಂದಳು. ಕಣ್ಣು ಪೂರ್ತಿ ಹೋಗಿತ್ತು. ಗಂಡನ ಹೆಸರನ್ನು ಬೆರಳಿನಿಂದ ಒಮ್ಮೆ ಸವರದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಸವರಿದಳು. ಬೆರಳನ್ನು ಮೂಗಿನ ಹತ್ತಿರ ತಂದುಕೊಂಡಳು.

"ಪ್ರೇಮಾ, ಇಲ್ಲಿ ಬಾ. ನಿಮ್ ತಾತನ ಮೊಳೆ ಒಣಗವೆ, ಅಕ್ಕಪಕ್ಕ ಹಸಿ ಮಸಿ ಐತೆ. ನಿನ್ನೆ ಇಲ್ಲಿ ಯಾರನ್ನ ಕೂರಿಸಿದ್ದೆ?"

ಪ್ರೇಮಕುಮಾರಿ ಬಟ್ಟೆ ತಂದು ಚೌಕಟ್ಟಿನ ಮಸಿ ಒರೆಸತೊಡಗಿದಳು.

"ಬದುಕಿರೋರನ್ನಾ?"

ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಕೂರಿಸಿದೋಳು ನೀನು. ಎಬ್ಬಿಸಬೇಕಾದೋಳೂ ನೀನೇ ಕಣೇ. ನಾನು ಯಾರ ಹತ್ರಾನೂ ಆಡಲ್ಲ" ಎಂದು ಒಳಗೆ ಹೋದಳು.

ಆ ವಾರ ಪ್ರೇಮಕುಮಾರಿ ಎರಡು ಸಲ ಕಾಗದ ಬರೆದು ಹರಿದಳು. ಬರೆದು ಕಳಿಸಿದರೂ ಅವನಿಗೆ ಓದಿ ಹೇಳುವವರು ಯಾರು?

ಮುಂದಿನ ಭಾನುವಾರ ಕೆಂಚಯ್ಯ ಬಂದ. ಗಡ್ಡ ಬೋಳಿಸಿಕೊಂಡಿದ್ದ. ಖುಷಿಯಲ್ಲಿದ್ದ. ಅನ್ನದ ಗಂಜಿ ಹಚ್ಚಿ ಕಾರ್ಡನ್ನು ಬಾಗಿಲೆದುರಿನ ಗೋಡೆಗೆ ಅಂಟಿಸಿದ್ದಾನಂತೆ. ಸೊಸೆ ಮಾದಮ್ಮ ಅದಕ್ಕೆ ಕುಂಕುಮ ಇಟ್ಟಿದ್ದಾಳಂತೆ.

"ಒಂದ್ ಇಚಿತ್ರ ಕೇಳಿ ಬುದ್ಧಿ" ಎಂದ ಪರಮಶಿವಯ್ಯನವರಿಗೆ. "ಬರೋವಾಗ ಬಸ್ನಾಗೆ ಕಂಡಕ್ಟರಪ್ಪ ನನ್ ರುಮಾಲ್ನಾಗಿದ್ ಕಾರ್ಡ ಈಸ್ಕೊಂಡು ಓದ್ದ. ಏನಪ್ಪಾ ಬರ್ದೈತೆ ಅಂದೆ. ನಿನ್ ಇಳಾಸ ಕಣಜ್ಜ ಅಂದ. ಅಂದೋನೇ ಮುಂದ್ಗಡೆ ಸೀಟು ಬುಡಿಸ್ಕೊಟ್ಟು ಕೈ ಮುಗ್ದ. ನಂಗ್ಯಾಕಪ್ಪಾ ಕೈ ಮುಗೀತೀಯ ಅಂದ್ರೆ ಮೊಕಾನೇ ತಿರುಗಿಸ್ಕೊಂಡ."

"ವಯಸ್ಸಿಗೆ ಮರ್ಯಾದೆ ಕೊಟ್ಟಿದಾನೆ" ಎಂದರು ಪರಮಶಿವಯ್ಯನವರು, ಕಾರ್ಡು ನೋಡದೆ. ಸಮೀಪದ ಅಕ್ಷರ ಅವರಿಗೆ ಕನ್ನಡಕವಿದ್ದರೂ ಕಾಣುತ್ತಿರಲಿಲ್ಲ.

"ಅದ್ಯಾನೋ ಬುದ್ಧಿ. ನಮ್ಮೂರ ಮೇಷ್ಟ್ರೂ ಅಂಗೇ. ಗ್ವಾಡೆ ಮುಂದೆ ನಿಂತ್ಕಂಡು ಓದಿದ್ರು. ದೇವ್ರ ನಾಮ ಕಣೋ ಅಂದು ಸರಸರ ನಡದ್ಬುಟ್ರು. ಅವತ್ತಿಂದ ನಮ್ ಕೇರಿ ದಾರೀಲೇ ಬರಾಕಿಲ್ಲ."

ಅವನು ನಕ್ಕ. ಪ್ರೇಮಕುಮಾರಿ ಮೊಳೆ ಆರಿಸುತ್ತ ತಲೆ ಎತ್ತಲಿಲ್ಲ. "ನೀವು ಕಾಫಿ ಕುಡೀರಿ" ಎಂದಳು. ಹೇಳಲು ಬಂದದ್ದು ಅಷ್ಟೇ.

ಒಳಗೆ ತಾಯಿ ಗದರಿದರು. "ಅವನಿಗೆ ನೀವು ತಾವು ಬೇರೆ! ಹಿಂಗೇ ಆದ್ರೆ ನಾಳೆ ಒಳಗೆ ಮಣೆ ಹಾಕ್ತೀಯ."

"ಹಾಕಿದ್ರೇನಮ್ಮ?" ಎಂಬುದನ್ನು ಅವಳು ರಾತ್ರಿ ಡೈರಿಯಲ್ಲಿ ಬರೆದುಕೊಂಡಳು.

ಮೂರನೆಯ ಭಾನುವಾರ ಬಂದವನು ಬೇರೆಯೇ ಕೆಂಚಯ್ಯ. ಕೆನ್ನೆ ಒಳಕ್ಕೆ ಹೋಗಿತ್ತು. ಮೈಮೇಲೆ ಮಡಿಕೆ ಬಿಚ್ಚದಂತಿದ್ದ ಹೊಸ ಬಿಳಿಯ ಪಂಚೆ. ಸಾಲಿನಲ್ಲಿದ್ದವರು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದರು. ಯಾಕೆ ಸರಿದೆವೆಂದು ಅವರಿಗೂ ಗೊತ್ತಿರಲಿಲ್ಲ.

"ಕಾರ್ಡು ಕಂಡು ತಂಗಿ ಕಳ್ಸವ್ಳೆ" ಎಂದ ಪಂಚೆಯ ತುದಿ ಎತ್ತಿ ತೋರಿಸುತ್ತ. "ಕಾಲು ಊತ್ಕಂಡೈತೆ ಅಂತ ತಾನು ಬರ್ಲಾರ್ದೆ ಅವಳ ಮೈದುನನ್ ಕಳ್ಸಿದ್ಲು. ಬಂದೋನು ನಾನು ಜಗ್ಲೀ ಮ್ಯಾಲೆ ಕುಂತಿರೋದ ನೋಡ್ದ. ಬಾರಪ್ಪಾ ಅಂದೆ. ಗಂಟು ಅಲ್ಲೇ ನೆಲಕ್ಕಾಕಿ ಓಡ್ದ ಕಣಪ್ಪಾ. ಒಂದ್ ತೊಟ್ಟು ನೀರು ಕುಡೀನಿಲ್ಲ. ಗಂಟ್ನಾಗೆ ಈ ಪಂಚೆ, ಒಂದಿಷ್ಟು ಅಕ್ಕಿ, ಎಳ್ಳು. ಅಣ್ಣನ ಎಸ್ರು ಅಚ್ಚಾಗೈತೆ ಅಂತ ಉಡುಗೊರೆ ಕಳ್ಸವ್ಳೇನೋ."

ಯಂತ್ರ ತುಳಿಯುತ್ತಿದ್ದ ಹೆಂಗಸೊಬ್ಬಳು ಕಾಲು ತೆಗೆದಳು.

ಕೆಂಚಯ್ಯ ರುಮಾಲು ಬಿಚ್ಚಿ ಬೆವರಿಗೆ ಮೆತ್ತಗಾದ ಕಾರ್ಡನ್ನು ಪ್ರೇಮಕುಮಾರಿಯ ಮುಂದೆ ಹಿಡಿದ. "ನೀನು ಓದ್ದೋಳು. ಇದ್ರಾಗೆ ಏನೈತೆ ಏಳವ್ವಾ. ನಮ್ಮ ನಾಯಿ ಎಂಟು ವರ್ಸದ್ದು, ನನ್ ಕಂಡ್ರೆ ಬೊಗುಳ್ತದೆ. ಎಮ್ಮೆ ಸೊರ ಬುಡಾಕಿಲ್ಲ, ಒಂದ್ ತೊಟ್ಟು ಆಲಿಲ್ಲ. ಓದ್ಬಲ್ಲೋರೆಲ್ಲ ನನ್ ಮೊಕ ನೋಡೋದ ಬುಟ್ಬುಟ್ಟವ್ರೆ."

ಅವಳ ಕೈಯಲ್ಲಿದ್ದ ಮೊಳೆಗಳು ನೆಲಕ್ಕೆ ಚೆಲ್ಲಿದವು. ಅಷ್ಟರಲ್ಲಿ ಬಸವರಾಜು ಹಿಂದಿನಿಂದ ಕೈಚಾಚಿ ಕಾರ್ಡು ತೆಗೆದುಕೊಂಡ. ಓದಿದ. ಅವನ ಕಿವಿಯ ತುದಿ ಬಿಳಿಚಿಕೊಂಡಿತು. ಕಾರ್ಡನ್ನು ಹಾಗೇ ಮಡಿಸಿ ಹಿಂದಕ್ಕೆ ಕೊಟ್ಟ.

"ಶುಭವಾಗಲಿ ಅಂತ ಬರೆದಿದೆ ಕಣೋ. ಹೋಗು, ಹುಷಾರು."

ಬಂದವರನ್ನೆಲ್ಲ ಕಳಿಸಿ, ಬಾಗಿಲು ಹಾಕಿ, ಊಟಕ್ಕೆ ಕೂತ ಮೇಲೆ ಬಸವರಾಜು ತಟ್ಟೆ ಸರಿಸಿದ. "ಯಾರಪ್ಪ ಮಾಡಿದ್ದು ಅದು? ಬದುಕಿರೋನಿಗೆ ಸಾವಿನ ಕಾರ್ಡು?"

ಪರಮಶಿವಯ್ಯನವರಿಗೆ ವಿಷಯ ತಿಳಿಯುವಷ್ಟರಲ್ಲಿ ಮುದ್ದೆ ಆರಿಹೋಗಿತ್ತು. ಅವರು ಮಗಳ ಕಡೆ ನೋಡಿದರು. ಅವಳು ತಟ್ಟೆಯ ಕಡೆ ನೋಡುತ್ತಿದ್ದಳು. ಬೇರೆ ಉತ್ತರ ಬೇಕಾಗಲಿಲ್ಲ.

"ಗೊತ್ತಾದ್ರೆ ಏನಾಗುತ್ತೆ ಗೊತ್ತಾ?" ಬಸವರಾಜು ಧ್ವನಿ ತಗ್ಗಿಸಿದ. "ಬಡವ, ಓದು ಬರದೋನು, ಮನೇಗೆ ಕರೆದು ತಿಥಿ ಬರೆದುಕೊಟ್ರು ಅಂತಾರೆ. ಕೇರಿ ಪೂರಾ ಬಂದು ಬಾಗಿಲಲ್ಲಿ ನಿಲ್ಲುತ್ತೆ. ಆಮೇಲೆ ಒಬ್ಬ ಮದುವೆ ಪತ್ರಿಕೆಗೆ ಈ ಮೆಟ್ಟಿಲು ಹತ್ತಲ್ಲ."

"ಇವಳನ್ನ ನೋಡಕ್ಕೆ ಚನ್ನರಾಯಪಟ್ಟಣದೋರು ಬರ್ತಿದಾರೆ, ಈ ಹೊತ್ತಲ್ಲಿ..." ಎಂದರು ಸುವರ್ಣಮ್ಮ. ಸ್ವಲ್ಪ ತಡೆದು, "ಏನೂಂದ್ರೆ, ಸತ್ತ ಸುದ್ದಿ ಸುಳ್ಳಾದ್ರೆ ಆಯುಸ್ಸು ಹೆಚ್ಚುತ್ತಂತೆ ಅಲ್ವೆ?"

ಮೂಲೆಯಲ್ಲಿ ಕೂತಿದ್ದ ಅಜ್ಜಿ ಹೇಳಿದಳು: "ಬಾಯಲ್ಲಿ ಹುಟ್ಟಿದ ಸುದ್ದಿ ಬಾಯಲ್ಲೇ ಸಾಯ್ತದೆ ಕಣೇ ಸುವರ್ಣಿ. ಇದು ಅಚ್ಚಾಗದೆ."

ಕಡೆಗೆ ಹೂವಿನ ಅಂಚಿನಲ್ಲಿ ಹೊಸ ಕಾರ್ಡು ಒತ್ತಿಕೊಂಡು ಹೋಗಿ, ಮಸಿ ಸರಿಯಿಲ್ಲವೆಂದು ಹೇಳಿ ಹಳೆಯದನ್ನು ಈಸಿಕೊಂಡು ಬರುವುದು ಎಂದು ತೀರ್ಮಾನವಾಯಿತು. ಹೇಳಿದ್ದು ಬಸವರಾಜು, ತಲೆಯಾಡಿಸಿದ್ದು ಪರಮಶಿವಯ್ಯನವರು. ಹೆಬ್ಬೆಟ್ಟಿನ ಮಾತಾಡಿದ ಅಪ್ಪ ಇವರೇನಾ ಎಂದು ಪ್ರೇಮಕುಮಾರಿಗೆ ಅನ್ನಿಸಿತು. ಆದರೆ ಆ ಮಾತು ಕೇಳಲು ತನಗೆ ಯಾವ ಬಾಯಿದೆ?

"ನೀನೂ ಬಾ. ನಿನ್ನ ಮುಂದೆ ಹೇಳಿದ್ರೆ ನಂಬ್ತಾನೆ" ಎಂದರು ಪರಮಶಿವಯ್ಯನವರು. ಅವರ ಧ್ವನಿಯಲ್ಲಿ ನಾಚಿಕೆಯಿತ್ತು.

ಬುಧವಾರ ಹತ್ತು ಗಂಟೆಯ ಬಸ್ಸಿಗೆ ಹಳ್ಳಿಮೈಸೂರಿಗೆ ಹೋದರು. ಕೇರಿಯ ದಾರಿ ತೋರಿಸಿದವನು ಮನೆಯವರೆಗೆ ಬರದೆ ತಿರುವಿನಲ್ಲೇ ನಿಂತ. ಹಟ್ಟಿಯ ಮುಂದೆ ನಾಯಿ ಒಳಗಿನ ಕಡೆ ಮುಖ ಮಾಡಿ ಬೊಗಳುತ್ತಿತ್ತು. ಬಂದ ಅಪರಿಚಿತರ ಕಡೆ ಅದು ತಿರುಗಿಯೂ ನೋಡಲಿಲ್ಲ.

ಸೊಸೆ ಮಾದಮ್ಮ ಹೊರಗೆ ಬಂದಳು. "ಬಂದ್ರಾ ಬುದ್ಧಿ. ನೀವೇ ಏನಾರ ಬುದ್ಧಿ ಏಳಿ. ಮಾವ ಕೂಳು ಮುಟ್ಟಿ ಮೂರ್ ದಿನಾತು. ಇಕ್ಕಾಕೋದ್ರೆ, ನಂಗ್ಯಾಕೆ, ಅದ್ರ ಮುಂದೆ ಇಕ್ಕು ಅಂತಾರೆ. ಇಕ್ತಾ ಇವ್ನಿ. ಏನ್ ಮಾಡನ?"

ಒಳಗೆ ಮಬ್ಬು. ಗೋಡೆಯ ಮೇಲೆ ಕಾರ್ಡು ಒಲೆಯ ಹೊಗೆಗೆ ಕಂದಿತ್ತು. ಕುಂಕುಮ, ಒಂದು ಕಣಗಿಲೆ ಹೂವು, ಕೆಳಗೆ ಹಣತೆ. ಹಣತೆಯ ಮುಂದೆ ಎಲೆಯಲ್ಲಿ ಮುದ್ದೆ, ಹುರುಳಿ ಸಾರು. ಅದರ ಪಕ್ಕದಲ್ಲಿ ಬಿಳಿಯ ಪಂಚೆ ಹೊದ್ದು ಗೋಡೆಗೊರಗಿ ಕೂತಿದ್ದ ಕೆಂಚಯ್ಯ. ಇರುವೆ ಸಾಲು ಎಲೆಯಿಂದ ಹೊರಟು ಅವನ ಕಾಲಿನ ಮೇಲೆ ಹತ್ತಿ ಇಳಿದು ಹೋಗುತ್ತಿತ್ತು. ಅವನು ಕೊಡವಿಕೊಳ್ಳುತ್ತಿರಲಿಲ್ಲ.

"ಕೆಂಚಯ್ಯ, ಅವತ್ತಿನ ಮಸಿ ಸರಿ ಇರ್ಲಿಲ್ಲ ಕಣೋ" ಎಂದರು ಪರಮಶಿವಯ್ಯನವರು. "ಹೊಸದು ತಂದಿದೀನಿ, ಹೂವಿನಂಚಿಂದು. ಹಳೇದು ಕೊಡು."

ಕೆಂಚಯ್ಯ ಹೊಸ ಕಾರ್ಡು ಹಿಡಿದು ನೋಡಿದ. ಬೆರಳಿನಿಂದ ಮೂರು ಅಕ್ಷರ ಎಣಿಸಿದ. ಗೋಡೆಯ ಕಡೆ ನೋಡಿದ.

"ಇದ್ರಾಗೆ ನನ್ ಎಸ್ರು ಐತೆ. ಅದ್ರಾಗೂ ಐತೆ. ಅದ್ರಾಗೆ ನನ್ ಸುತ್ತ ಇರೋವು ಏನು ಬುದ್ಧಿ?"

"ಶುಭವಾಗಲಿ ಅಂತ. ಬಸವರಾಜು ಹೇಳಿದ್ನಲ್ಲ."

"ಚಿಕ್ಕ ಬುದ್ಧಿಯೋರು ಸುಬ ಅಂದ್ರು. ಕಂಡಕ್ಟರಪ್ಪ ಇಳಾಸ ಅಂದ. ಮೇಷ್ಟ್ರು ದೇವ್ರ ನಾಮ ಅಂದ್ರು." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಾವಿಯೊಳಗಿನಿಂದ ಬಂದಂತಿತ್ತು. "ನೀವೇ ಅಲ್ವಾ ಬುದ್ಧಿ ಏಳ್ಕೊಟ್ಟೋರು, ಮೊಳೆ ಒಂದೇ ಇದ್ರೆ ಅಚ್ಚೂ ಒಂದೇ ಬೀಳ್ತದೆ ಅಂತ? ಅಕ್ಸರ ಒಂದೇ. ಓದೋದು ಮಾತ್ರ ಒಬ್ಬೊಬ್ರು ಒಂದೊಂದಾ?"

ಪರಮಶಿವಯ್ಯನವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

"ನಾನು ಇವ್ನಾ ಇಲ್ವಾ, ಅದಾದ್ರೂ ಏಳಿ" ಎಂದ ಕೆಂಚಯ್ಯ. "ಇದ್ರೆ ಯಾಕಿಂಗೆ ನೋಡ್ತಾರೆ? ಇಲ್ದಿದ್ರೆ, ಇವಳು ಇಕ್ಕೋದು ಯಾರ್ ಉಣ್ತವ್ರೆ?"

ಮಾದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹೊರಗೆ ನಾಯಿ ಬೊಗಳುವುದನ್ನು ನಿಲ್ಲಿಸಿತು. ತಂದೆ ಇನ್ನೊಂದು ಸುಳ್ಳಿಗೆ ತುಟಿ ತೆರೆಯುವುದು ಪ್ರೇಮಕುಮಾರಿಗೆ ಕಂಡಿತು. ಅವಳು ಎಲೆಯನ್ನು ದಾಟಿ ಹೋಗಿ ಅವನೆದುರಿಗೆ, ಸಗಣಿ ಸಾರಿಸಿದ ನೆಲದ ಮೇಲೆ ಕೂತಳು. ಅವನ ಕಾಲಿನ ಮೇಲಿನ ಇರುವೆಗಳನ್ನು ಕೈಯಿಂದ ಸರಿಸಿದಳು. ಕಾಲು ಬೆಚ್ಚಗಿತ್ತು.

"ನೀವು ಸತ್ತೋಗಿದೀರಿ ಅಂತ ಬರೆದಿದೆ ಕೆಂಚಯ್ಯ" ಎಂದಳು. ಧ್ವನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ಅದು ಸುಳ್ಳು. ಒತ್ತಿದೋಳು ನಾನು. ಅವತ್ತೇ ಓದಿದ್ದೆ, ಓದಿಯೂ ನಿಮ್ಮ ಕೈಗೆ ಕೊಟ್ಟೆ."